ಮಂಗ ಅಲ್ಲ, ಉಣುಗು!

ನಮಸ್ಕಾರ ಎಲ್ಲರಿಗೂ. ಇವತ್ತು ಅಡಿಕೆ ಸುಲಿಯುವ ಯಂತ್ರದ ಬಗ್ಗೆ ಮಾತಾಡುತ್ತೇನೆ ಅಂತ ಹೋದ ವಾರ ಹೇಳಿದ್ದೆ. ಅದು ಮುಂದಿನ ವಾರಕ್ಕೆ ಹೋಯಿತು, ಬೇಜಾರು ಮಾಡಿಕೊಳ್ಳಬೇಡಿ. ನಿನ್ನೆ ರಾತ್ರಿ ಊಟ ಮುಗಿಸಿ ಜಗುಲಿಯಲ್ಲಿ ಕೂತು ಕಮೆಂಟ್ ಓದುತ್ತಿದ್ದೆ. ಒಬ್ಬರು ಬರೆದಿದ್ದಾರೆ: "ಸರ್, ಮಂಗಗಳನ್ನೆಲ್ಲ ಹೊಡೆದು ಹಾಕಿದರೆ ಮಂಗನ ಕಾಯಿಲೆ ತಾನಾಗಿ ಹೋಗುತ್ತೆ. ಮಾಡೋಕೆ ಧೈರ್ಯ ಬೇಕು ಅಷ್ಟೆ." ಅದಕ್ಕೆ ಲೈಕ್ ಮೇಲೆ ಲೈಕ್. ಕೆಳಗೆ ಇನ್ನೊಬ್ಬರು, "ಸರಿಯಾಗಿ ಹೇಳಿದಿರಿ." ಮತ್ತೊಬ್ಬರು, "ಕೋವಿ ಲೈಸೆನ್ಸ್ ಕೊಡಿ." ನನಗೆ ನಿದ್ದೆ ಬರಲಿಲ್ಲ.

ಅದಕ್ಕೇ ಇವತ್ತು ಒಂದೇ ಮಾತು. ಮಂಗನ ಕಾಯಿಲೆ ಮಂಗನದಲ್ಲ. ಅದು ಉಣುಗು ಕಚ್ಚಿ ಬರುವ ಜ್ವರ, ಉಣುಗಿನ ಕಾಯಿಲೆ. ನಿಮ್ಮ ಕಡೆ ಉಣ್ಣೆ ಅನ್ನುತ್ತೀರಿ, ಪೇಪರಿನಲ್ಲಿ ಉಣ್ಣೆ ಹುಳ ಅಂತ ಬರೆಯುತ್ತಾರೆ, ನಮ್ಮಲ್ಲಿ ಉಣುಗು. ಎಲ್ಲ ಒಂದೇ. ಮಂಗ ಅಲ್ಲ, ಉಣುಗು. ಇದನ್ನು ನಾನು ಇವತ್ತು ಎಷ್ಟು ಸಲ ಹೇಳುತ್ತೇನೋ ಗೊತ್ತಿಲ್ಲ. ಕೇಳಿಸಿಕೊಳ್ಳಿ.

ಹೊಸ ವಿಷಯವೂ ಅಲ್ಲ ಇದು. 1957ರಷ್ಟು ಹಳೆಯದು. ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಅವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು, ಯಾಕೆಂದರೆ ಅದರಲ್ಲೂ ಮಂಗಗಳು ಸಾಯುತ್ತವೆ. ಪರೀಕ್ಷೆ ಮಾಡಿದರೆ ಅದಲ್ಲ. ಯಾರೂ ಕಂಡಿರದ ಹೊಸ ವೈರಸ್. ಅದರ ನೆಂಟ ಯಾರು ಗೊತ್ತಾ? ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್. ಎಲ್ಲಿಯ ರಷ್ಯಾ, ಎಲ್ಲಿಯ ಸೊರಬ! ಆಮೇಲೆ ಹರಡುವ ಉಣುಗಿನ ಜಾತಿಯನ್ನೂ ಗುರುತು ಹಿಡಿದರು. ಹೀಮಾಫೈಸಾಲಿಸ್ ಸ್ಪಿನಿಜೆರಾ ಅಂತ ಹೆಸರು. ಕಾಡಿನ ಹೆಸರೇ ಕಾಯಿಲೆಗೂ ಬಂತು, ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ. ಆದರೆ ಜನರ ಬಾಯಲ್ಲಿ ಉಳಿದದ್ದು ಮಂಗನ ಹೆಸರು. ಸತ್ತು ಕಣ್ಣಿಗೆ ಬಿದ್ದದ್ದು ಅದೇ ತಾನೇ. ಉಣುಗು ಯಾರ ಕಣ್ಣಿಗೆ ಬೀಳುತ್ತೆ?

ನಿಜ, ಬೀಳುವುದೇ ಇಲ್ಲ. ದನದ ಕಿವಿಯಲ್ಲಿ ಹುಣಸೆ ಬೀಜದ ಥರ ಊದಿಕೊಂಡಿರುತ್ತಲ್ಲ, ಅದನ್ನು ನೋಡಿ ಉಣುಗು ಅಂದರೆ ಅದೇ ಅಂದುಕೊಂಡಿದ್ದೀರಿ. ನಮಗೆ ಕಾಯಿಲೆ ತರುವುದು ಮರಿ. ದೊಡ್ಡದಾಗುವುದಕ್ಕೆ ಮುಂಚಿನ ಹಂತ. ಸಾಸಿವೆ ಕಾಳಿಗಿಂತ ಸಣ್ಣದು. ಹೋದ ವರ್ಷ ಕಾಡಿನಿಂದ ದರಗು, ಅಂದರೆ ಒಣ ಎಲೆ, ತಂದು ಇಳಿಸಿದ ಮೇಲೆ ನನ್ನ ಪಾದದ ಗಂಟಿನ ಹತ್ತಿರ ಒಂದು ಕಪ್ಪು ಚುಕ್ಕೆ ಇತ್ತು. ಮಣ್ಣು ಅಂತ ಉಜ್ಜಿದೆ. ಹೋಗಲಿಲ್ಲ. ಬೆಳಕಿಗೆ ಕಾಲು ಹಿಡಿದು ನೋಡಿದರೆ ಚುಕ್ಕೆಗೆ ಕಾಲುಗಳಿವೆ! ಮೆಲ್ಲಗೆ ಅಲ್ಲಾಡಿಸುತ್ತಿತ್ತು. ನೋವಿಲ್ಲ, ತುರಿಕೆಯೂ ಇಲ್ಲ. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆದೆ. ಆಮೇಲೆ ಎರಡು ವಾರ ದಿನಾ ಹಣೆ ಮುಟ್ಟಿ ನೋಡಿಕೊಂಡಿದ್ದೇನೆ. ದೇವರ ದಯೆ, ಏನೂ ಆಗಲಿಲ್ಲ.

ಈಗ ಇನ್ನೊಂದು ಸಂಗತಿ ಕೇಳಿ. ಈ ಮರಿಗಳು ಯಾವಾಗ ಜಾಸ್ತಿ? ನವೆಂಬರಿನಿಂದ ಮೇ ತನಕ. ಅದರಲ್ಲೂ ಜನವರಿ, ಫೆಬ್ರವರಿ, ಮಾರ್ಚ್. ನಾವು ಸೊಪ್ಪಿನ ಬೆಟ್ಟಕ್ಕೆ ಹೋಗುವುದು ಯಾವಾಗ? ಅದೇ ಹೊತ್ತಿಗೆ! ಎಲೆ ಉದುರಿ ಒಣಗಿರುತ್ತೆ, ಕೊಟ್ಟಿಗೆಗೆ ದರಗು ಬೇಕು, ತೋಟಕ್ಕೆ ಗೊಬ್ಬರ ಬೇಕು, ಒಲೆಗೆ ಸೌದೆ ಬೇಕು. ಬರಿಗಾಲಲ್ಲಿ ಹೋಗಿ, ಮಂಡಿಯೂರಿ, ಕೈಯಲ್ಲಿ ಎಲೆ ಬಾಚಿ, ತಲೆ ಮೇಲೆ ಹೊತ್ತು ತರುತ್ತೇವೆ. ಉಣುಗಿಗೆ ಮನೆ ಬಾಗಿಲಿಗೇ ಊಟ ಕೊಟ್ಟ ಹಾಗಾಯಿತು. ಇದರಲ್ಲಿ ಮಂಗ ಎಲ್ಲಿ ಬಂತು ಹೇಳಿ?

ಮಂಗ ಎಲ್ಲಿ ಬಂತು ಅಂದರೆ, ಅದೂ ನಮ್ಮ ಹಾಗೆ ಕಚ್ಚಿಸಿಕೊಂಡ ಪ್ರಾಣಿ. ಕರಿ ಮೂತಿಯ ಮುಸಿಯ, ಕೆಂಪು ಮೂತಿಯ ಮಂಗ, ಎರಡಕ್ಕೂ ಈ ವೈರಸ್ ಬಡಿಯುತ್ತೆ. ನಮ್ಮಲ್ಲಿ ನೂರು ಜನಕ್ಕೆ ಬಂದರೆ ಮೂರರಿಂದ ಐದು ಜನ ಸಾಯುತ್ತಾರೆ ಅಂತ ವೈದ್ಯರು ಹೇಳುತ್ತಾರೆ. ಮಂಗಗಳು ಅದಕ್ಕಿಂತ ಎಷ್ಟೋ ಜಾಸ್ತಿ ಸಾಯುತ್ತವೆ. ಕಾಡಿನ ಇಲಿ, ಮೂಗಿಲಿ, ಇವುಗಳ ಮೈಯಲ್ಲಿ ವೈರಸ್ ಸದ್ದಿಲ್ಲದೆ ಓಡಾಡಿಕೊಂಡಿರುತ್ತೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಹೊಡೆಯೋದಾದರೆ ಕಾಡಿನ ಇಲಿಗಳನ್ನೆಲ್ಲ ಹೊಡೆದು ಮುಗಿಸುತ್ತೀರಾ? ಆಗುತ್ತಾ?

ಮಂಗ ಸತ್ತಾಗ ಏನಾಗುತ್ತೆ? ಮೈ ತಣ್ಣಗಾಗುತ್ತೆ. ಅದರ ಮೇಲಿದ್ದ ಉಣುಗುಗಳು ಉದುರುತ್ತವೆ. ಆ ಜಾಗದ ಸುತ್ತ ಎಲೆಯಲ್ಲಿ, ಹುಲ್ಲಿನಲ್ಲಿ ಮುಂದಿನ ಮೈಗಾಗಿ ಕಾಯುತ್ತವೆ. ಅದಕ್ಕೇ ಆರೋಗ್ಯ ಇಲಾಖೆಯವರು ಸತ್ತ ಮಂಗನ ಸುತ್ತ ಉಣುಗು ಸಾಯಿಸುವ ಪುಡಿ ಹೊಡೆಯುವುದು. ಈಗ ನೀವು ಕೋವಿ ತೆಗೆದುಕೊಂಡು ಹೊಡೆದಿರಿ ಅಂತಿಟ್ಟುಕೊಳ್ಳಿ. ಮಂಗ ನಿಮ್ಮ ತೋಟದಲ್ಲೇ ಬಿತ್ತು. ಬಾಲ ಹಿಡಿದು ಎಳೆದುಕೊಂಡು ಹೋದಿರಿ. ಉಳಿದ ಗುಂಪು ಹೆದರಿ ಪಕ್ಕದ ಊರಿಗೆ ಓಡಿತು, ಮೈಮೇಲಿನ ಉಣುಗನ್ನೂ ಹೊತ್ತುಕೊಂಡು. ಏನು ಸಾಧಿಸಿದಿರಿ? ಕಾಯಿಲೆಯನ್ನು ನಿಮ್ಮ ಅಂಗಳಕ್ಕೂ ತಂದಿರಿ, ಪಕ್ಕದವರ ಅಂಗಳಕ್ಕೂ ಕಳಿಸಿದಿರಿ. ಇದಕ್ಕೆ ಧೈರ್ಯ ಅಂತ ಹೆಸರು ಬೇರೆ!

ಸತ್ತ ಮಂಗ ನಮಗೆ ಬಂದ ಫೋನ್ ಕಾಲ್ ಇದ್ದ ಹಾಗೆ. ಇಲ್ಲಿ ವೈರಸ್ ಇದೆ, ಹುಷಾರು ಅಂತ ಹೇಳಿ ಸತ್ತಿದೆ ಅದು. ನಾವು ಫೋನ್ ಎತ್ತದೆ ಫೋನನ್ನೇ ಒಡೆಯಲು ಹೊರಟಿದ್ದೇವೆ.

"ಹೆಸರಲ್ಲೇನಿದೆ ಬಿಡಿ ಸರ್" ಅಂತ ಇನ್ನೊಬ್ಬರ ಕಮೆಂಟ್. ಹೆಸರಲ್ಲೇ ಇದೆ ಎಲ್ಲ! ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಒಬ್ಬ ಅಕ್ಕನಿಗೆ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಜ್ವರ ಬಂತು. ತಲೆ ಸಿಡಿಯುವಷ್ಟು ನೋವು, ಸೊಂಟ ತೊಡೆ ಮುಟ್ಟಿದರೆ ಕಿರುಚುವಷ್ಟು ನೋವು, ಕಣ್ಣು ಕೆಂಡ. ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಮನೆ ಹತ್ತಿರ ಮಂಗ ಬಂದಿತ್ತಾ?" ಇಲ್ಲ ಅಂದರು. ಮಾತ್ರೆ ಕೊಟ್ಟು ಕಳಿಸಿದರು. ದರಗು ತರಲು ಕಾಡಿಗೆ ಹೋಗಿದ್ದಿರಾ ಅಂತ ಒಬ್ಬರೂ ಕೇಳಲಿಲ್ಲ. ಆ ಅಕ್ಕ ಹಿಂದಿನ ವಾರವೆಲ್ಲ ದಿನಾ ಹೋಗಿದ್ದಳು! ಮೂರು ದಿನ ಬಿಟ್ಟು ವಸಡಿನಲ್ಲಿ ರಕ್ತ ಬಂದ ಮೇಲೆ ದೊಡ್ಡ ಆಸ್ಪತ್ರೆ, ರಕ್ತ ಪರೀಕ್ಷೆ, ಪ್ಲೇಟ್‌ಲೆಟ್ ಇಳಿದಿದೆ ಅಂತ ಗಾಬರಿ. ಉಳಿದುಕೊಂಡಳು, ಅದೇ ಪುಣ್ಯ. ಆದರೆ ಆ ಬೇಸಿಗೆ ಪೂರ್ತಿ ಗೋಡೆ ಹಿಡಿದು ನಡೆಯುತ್ತಿದ್ದಳು. ಉಣುಗಿನ ಜ್ವರ ಅಂತ ಹೆಸರಿದ್ದಿದ್ದರೆ ಮೊದಲ ಪ್ರಶ್ನೆಯೇ ಬೇರೆ ಇರುತ್ತಿತ್ತು. ಮಂಗ ಕಾಣದೆಯೂ, ಮಂಗ ಸಾಯದೆಯೂ ಈ ಜ್ವರ ಬರುತ್ತೆ. ಮಂಗನ ಹೆಸರು ಹಿಡಿದುಕೊಂಡು ನಾವು ಮರದ ತುದಿ ನೋಡುತ್ತಾ ನಿಲ್ಲುತ್ತೇವೆ. ಉಣುಗು ಕಾಲಲ್ಲಿ ಹತ್ತುತ್ತಿರುತ್ತೆ.

ಗೊಂದಲ ಬೇರೆ ಎಷ್ಟು! ಬೆಂಗಳೂರಿನಲ್ಲಿರುವ ನಮ್ಮ ಚಿಕ್ಕಮ್ಮನ ಮಗ ಫೋನ್ ಮಾಡಿ, "ಮಂಗನ ಕಾಯಿಲೆ ಅಂದರೆ ಮಂಗನ ಬಾವು ತಾನೇ, ಮಕ್ಕಳಿಗೆ ಕೆನ್ನೆ ಊದುತ್ತಲ್ಲ" ಅಂತ ಕೇಳುತ್ತಾನೆ. ಅದೇ ಬೇರೆ, ಇದೇ ಬೇರೆ. ಅವನ ಹೆಂಡತಿ ಮಂಕಿಪಾಕ್ಸ್ ಅಂದುಕೊಂಡಿದ್ದಾಳೆ. ಅದೂ ಬೇರೆ. ಮಂಕಿಪಾಕ್ಸ್ ಅಂದಾಗ ನೆನಪಾಯಿತು. 2022ರಲ್ಲಿ ಆ ಹೆಸರು ಕೇಳಿಯೇ ಬ್ರೆಜಿಲ್‌ನಲ್ಲಿ ಜನ ಮಂಗಗಳಿಗೆ ವಿಷ ಹಾಕಿದರು, ಕಲ್ಲು ಹೊಡೆದರು. ಅದೇ ವರ್ಷ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಹೆಸರನ್ನೇ ಬದಲಿಸಿತು, ಎಂಪಾಕ್ಸ್ ಅಂತ ಮಾಡಿತು. ಪ್ರಪಂಚಕ್ಕೇ ಹೆಸರು ಬದಲಿಸಲು ಆಗುತ್ತೆ, ನಮ್ಮ ಮಲೆನಾಡಿಗೆ ಆಗುವುದಿಲ್ವಾ?

ಇಲ್ಲಿ ಒಂದು ನಿಮಿಷ. ಈ ವಿಡಿಯೊ ಇಷ್ಟು ಹೊತ್ತು ನೋಡಿದ್ದೀರಿ ಅಂದರೆ ವಿಷಯ ಮುಖ್ಯ ಅಂತ ನಿಮಗೂ ಅನ್ನಿಸಿದೆ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಕೊಟ್ಟಿಗೆ ಚೊಕ್ಕವಾಗಿ ಇಡುವ ಬಗ್ಗೆ ಹೋದ ತಿಂಗಳು ಒಂದು ವಿಡಿಯೊ ಹಾಕಿದ್ದೇನೆ, ಅದನ್ನೂ ನೋಡಿ. ನಮ್ಮ ವಾಟ್ಸಾಪ್ ಗುಂಪಿಗೂ ಬನ್ನಿ.

ಹಾಂ, ಇನ್ನೊಂದು ಕಡೆಯವರಿಗೂ ಹೇಳಬೇಕು. ಮಂಗ ಸತ್ತರೆ ಹನುಮಂತ ಅಂತ ಹಾರ ಹಾಕಿ, ಅರಿಶಿನ ಕುಂಕುಮ ಹಚ್ಚಿ, ಭಜನೆ ಮಾಡಿಕೊಂಡು ಹೊತ್ತು ಒಯ್ಯುತ್ತೀರಲ್ಲ. ನನಗೂ ಹನುಮನ ಮೇಲೆ ಭಕ್ತಿ ಇದೆ. ಶನಿವಾರ ಬಿಡದೆ ಗುಡಿಗೆ ಹೋಗುವವನು ನಾನು. ಆದರೆ ಕೈ ಮುಗಿಯಿರಿ, ದೂರದಿಂದ ಮುಗಿಯಿರಿ. 2012ರಲ್ಲಿ ಬಂಡೀಪುರದ ಕಡೆ ಸತ್ತ ಮಂಗಗಳನ್ನು ಮುಟ್ಟಿ ವಿಲೇವಾರಿ ಮಾಡಿದವರಿಗೇ ಈ ಕಾಯಿಲೆ ಬಂತು. ಅಲ್ಲಿಯ ತನಕ ಚಾಮರಾಜನಗರದ ಕಡೆ ಇದರ ಸುದ್ದಿಯೇ ಇರಲಿಲ್ಲ. ಆಮೇಲೆ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ, ಎಲ್ಲ ಕಡೆ ಆಯಿತು. ಹೊಡೆಯುವವರೂ ಹೋಗಿ ಮುಟ್ಟುತ್ತಾರೆ, ಪೂಜೆ ಮಾಡುವವರೂ ಹೋಗಿ ಮುಟ್ಟುತ್ತಾರೆ. ಉಣುಗಿಗೆ ಇಬ್ಬರೂ ಒಂದೇ.

ಬೆಳೆ ಹಾಳು ಮಾಡುತ್ತವೆ ಅನ್ನುತ್ತೀರಿ. ಮಾಡುತ್ತವೆ! ನನ್ನ ತೋಟದಲ್ಲಿ ಬಾಳೆಗೊನೆ ಒಂದೂ ಉಳಿದಿಲ್ಲ. ಏಲಕ್ಕಿ ಹೋಯಿತು. ಎಳನೀರು ತೂತು ಮಾಡಿ ಬಿಸಾಡುತ್ತವೆ. ಆ ಜಗಳ ಬೇರೆ. ಅದಕ್ಕೆ ಪರಿಹಾರ ಕೇಳೋಣ, ಬೇಲಿ ಕೇಳೋಣ, ನಾನೂ ಅರ್ಜಿಗೆ ಸಹಿ ಹಾಕುತ್ತೇನೆ. ಬಾಳೆಗೊನೆಯ ಸಿಟ್ಟನ್ನು ಜ್ವರದ ಲೆಕ್ಕಕ್ಕೆ ಬರೆಯಬೇಡಿ.

"ಚಿಕ್ಕಂದಿನಿಂದ ಉಣುಗು ಕಚ್ಚಿದೆ, ಏನೂ ಆಗಿಲ್ಲ" ಅನ್ನುವವರು ಇದ್ದಾರಲ್ಲ, ಅವರಿಗೆ ನಾನು ಉತ್ತರವೇ ಕೊಡುವುದಿಲ್ಲ. ಸಾಗರ ತಾಲ್ಲೂಕಿನ ಅರಳಗೋಡಿನವರನ್ನು ಹೋಗಿ ಕೇಳಿ. 2019ರ ಬೇಸಿಗೆಯಲ್ಲಿ ಆ ಪಂಚಾಯ್ತಿಯಲ್ಲಿ ಈ ಜ್ವರ ಬಂದು ಯಾರ ಮನೆಯಲ್ಲಿ ಏನಾಯಿತು ಅಂತ ಕೇಳಿ. ಅವರಿಗೂ ಚಿಕ್ಕಂದಿನಿಂದ ಕಚ್ಚುತ್ತಲೇ ಇತ್ತು.

ಲಸಿಕೆ ಇದೆಯಲ್ಲ ಅನ್ನಬೇಡಿ. 1990ರಿಂದ ಕೊಡುತ್ತಿದ್ದ ಲಸಿಕೆಯ ಶಕ್ತಿ ಕುಂದಿತು, 2022ರಲ್ಲಿ ನಿಲ್ಲಿಸಿದರು. ಹೊಸದಕ್ಕೆ ಕೆಲಸ ನಡೆದಿದೆ, ಬೇಗ ಬರಲಿ. ಇದಕ್ಕೇ ಅಂತ ಔಷಧಿಯೂ ಇಲ್ಲ. ಉಳಿದದ್ದೇನು? ಉಣುಗು ಕಚ್ಚದ ಹಾಗೆ ನೋಡಿಕೊಳ್ಳುವುದು. ಉಣುಗು ಹತ್ತಿರ ಬಾರದ ಹಾಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಕೊಡುತ್ತಾರೆ, ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಮನೆ ಮನೆಗೆ ತಂದು ಕೊಡುತ್ತಾರೆ. ಅದನ್ನು ಗೂಡಿನಲ್ಲಿಟ್ಟು ಮರೆಯುತ್ತೀರಿ. ಹಚ್ಚಿಕೊಳ್ಳಿ! ಕಾಲಿಗೆ, ಕೈಗೆ, ಕಾಡಿಗೆ ಹೋಗುವ ಮುಂಚೆ. ಬಂದ ಮೇಲೆ ಬಿಸಿನೀರು, ಸೋಪು. ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಉಣುಗು ಸಿಕ್ಕರೆ ಉಗುರಲ್ಲಿ ಕುಕ್ಕಬೇಡಿ, ಅಜ್ಜಿ ಕುಕ್ಕುತ್ತಿದ್ದಳು ಅಂತ ನೀವೂ ಕುಕ್ಕಬೇಡಿ. ಸತ್ತ ಮಂಗ ಕಂಡರೆ ದೂರ ನಿಂತು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಜ್ವರ ಬಂದರೆ, ನಾನು ಕಾಡಿಗೆ ಹೋಗಿದ್ದೆ ಅಂತ ನೀವೇ ಬಾಯಿ ಬಿಟ್ಟು ಹೇಳಿ. ಅವರು ಕೇಳುವ ತನಕ ಕಾಯಬೇಡಿ.

ಇನ್ನೂ ಏನೇನೋ ಬರೆದುಕೊಂಡಿದ್ದೆ. ಚೀಟಿ ಇಲ್ಲೇ ಇದೆ. ಬೇಡ ಬಿಡಿ. ಮಂಗ ಅಲ್ಲ, ಉಣುಗು. ಕೆಳಗೆ ಕಮೆಂಟಿನಲ್ಲಿ ಉಣುಗು ಅಂತ ಬರೆಯಿರಿ. ಕೋವಿ ಅಂತ ಬರೆದಿದ್ದೀರಲ್ಲ ಅಣ್ಣ, ನೀವೂ ಬರೆಯಿರಿ. ಇವತ್ತಿನಿಂದ ನಮ್ಮ ಮನೆಯಲ್ಲಿ ಉಣುಗಿನ ಜ್ವರ ಅಂತಲೇ ಹೇಳುತ್ತೇವೆ, ಮಗಳಿಗೂ ಕಲಿಸಿದ್ದೇನೆ. ಶಾಲೆಯಲ್ಲಿ ಯಾರಾದರೂ ಮಂಗನ ಕಾಯಿಲೆ ಅಂದರೆ ತಿದ್ದಿ ಬರುತ್ತಾಳೆ.

ದನದ ಗಂಟೆ ಕೇಳಿಸಿತಾ? ಬೆಟ್ಟದಿಂದ ಬಂದವು. ದನಕ್ಕೆ ಈ ಜ್ವರ ಬರುವುದಿಲ್ಲ, ಅದರ ಮೇಲಿರುವ ಉಣುಗೆಲ್ಲ ಈ ಜಾತಿಯದೂ ಅಲ್ಲ. ಆದರೆ ಕಾಡಿನಿಂದ ಮನೆಗೆ ಹೊತ್ತು ತರುವುದಂತೂ ಹೌದು. ಗೌರಿಯ ಎಡಗಿವಿಯ ಒಳಮಡಿಕೆಯಲ್ಲಿ ನಿನ್ನೆ ಮೂರು ಸಿಕ್ಕಿದ್ದವು. ಕೈಗವಸು ಎಲ್ಲಿಟ್ಟೆ? ಬರುತ್ತೇನೆ, ಇವತ್ತು ಬಾಲದ ಬುಡವನ್ನೂ ನೋಡಬೇಕು.