ಬೆಲ್ಲ ಮಾರೋರು ಬ್ಯಾರೆ, ಮುದ್ರಿ ಹಾಕೋರು ಬ್ಯಾರೆ

ಕೇಳುಗರಿಗೆಲ್ಲಾ ನಮಸ್ಕಾರ್ರಿ. ಹೋದ ಹಂಗಾಮಿನ್ಯಾಗ ಮಹಾಲಿಂಗಪುರದ ಹತ್ರ ಒಂದು ಗಾಣಕ್ಕ ಹೋಗಿದ್ದೆ, ಕೊಪ್ಪರಿಗಿಯೊಳಗ ಕಬ್ಬಿನ ಹಾಲು ಕುದಿಯಾಕ ಹತ್ತಿತ್ತು, ಒಬ್ಬಾಂವ ಬೆಂಡಿ ಗಿಡ ಜಜ್ಜಿ ತೆಗೆದ ಲೋಳಿ ಹಾಕಿ ಮ್ಯಾಲ ಬರೋ ಹೊಲಸು ನೊರಿ ಬಳದ ಬಳದ ತೆಗೀತಿದ್ದ. ಹೈಡ್ರೋಸ್ ಅಂದ್ರ ಬೆಲ್ಲದ ಬಣ್ಣ ತಿಳಿ ಮಾಡೋ ರಾಸಾಯನಿಕ, ಅದನ್ನ ಮುಟ್ಟಂಗಿಲ್ಲ ಅವ್ರು, ಹಂಗಾಗಿ ಪೆಂಟಿ, ಅಂದ್ರ ಬೆಲ್ಲದ ಗಟ್ಟಿ, ಕಂದು ಬಣ್ಣಕ್ಕ ಬರತೈತಿ. ಪೇಟ್ಯಾಗ ಹಳದಿ ಹೊಳಪಿಗೇ ರೇಟು ಜಾಸ್ತಿ, ಮ್ಯಾಲ ಅದಕ್ಕ "ಶುದ್ಧ ಸಾವಯವ" ಅಂತ ಚೀಟಿ ಬ್ಯಾರೆ ಅಂಟಿಸಿ ಮಾರ್ತಾರ. ಇವ್ರ ಹೊಟ್ಟಿ ಉರಿಯೋದು ಅಲ್ಲೇ.

ಅವತ್ತು ಹನ್ನೊಂದು ಮಂದಿ ಗಾಣದವ್ರು ಸೇರಿದ್ರು, ಕೈಯಾಗ ಒಂದು ಡಿಸೈನ್ ಇತ್ತು, ದುಂಡಗ, ನಡುವ ಕಬ್ಬಿನ ಜಲ್ಲಿ. "ವಕೀಲ್ರ, ಇದನ್ನ ನಮ್ಮ ಕಂಪನಿ ಹೆಸರಿಲೆ ರಿಜಿಸ್ಟರ್ ಮಾಡಿಸಿ ಕೊಡ್ರಿ, ಹೈಡ್ರೋಸ್ ಹಾಕದವ್ರಿಗಷ್ಟ ಈ ಮುದ್ರಿ ಕೊಡ್ತೀವಿ" ಅಂದ್ರು. ಕಂಪನಿ ಅಂದ್ರ ಅವ್ರದ ರೈತ ಉತ್ಪಾದಕ ಕಂಪನಿ, ಅದು ಬೆಲ್ಲ ಕೊಂಡು ಬೆಲ್ಲ ಮಾರತೈತಿ. ನಾ ಆಗಂಗಿಲ್ಲ ಅಂದೆ, ಎಲ್ಲಾರ ಮಾರಿ ಸಣ್ಣದಾತು.

ಯಾಕಂದ್ರ ಅವ್ರು ಕೇಳಿದ್ದು ಸಾದಾ ಟ್ರೇಡ್‌ಮಾರ್ಕ್ ಅಲ್ಲ. ಸಾದಾ ಮಾರ್ಕ್ ಅಂದ್ರ ಈ ಮಾಲು ಇಂಥವ್ರ ಅಂಗಡೀದು ಅಂತ ಗುರುತು. ಇವ್ರಿಗೆ ಬೇಕಾಗಿದ್ದು ಈ ಮಾಲು ಇಂಥಾ ರೀತಿ ತಯಾರಾಗೈತಿ, ಇದನ್ನ ತಪಾಸಣಿ ಮಾಡೇವಿ ಅಂತ ಹೇಳೋ ಗುರುತು, ಅದಕ್ಕ ಸರ್ಟಿಫಿಕೇಷನ್ ಟ್ರೇಡ್‌ಮಾರ್ಕ್ ಅಂತಾರ, 1999ರ ಟ್ರೇಡ್‌ಮಾರ್ಕ್ ಕಾಯ್ದೆಯೊಳಗ 69ರಿಂದ 78ರ ಕಲಂತನಕ ಅದರದ ಒಂದು ಅಧ್ಯಾಯ ಐತಿ. ಮಾಲಿನ ಮೂಲ, ಕಚ್ಚಾ ಸಾಮಾನು, ತಯಾರಿಸೋ ಪದ್ಧತಿ, ಗುಣಮಟ್ಟ, ಇವುಗಳ ಪೈಕಿ ಯಾವುದಕ್ಕಾದ್ರೂ ಪ್ರಮಾಣ ಕೊಡಬಹುದು. ಗಾಣದವ್ರು ತಮ್ಮ ತಮ್ಮ ಬ್ರ್ಯಾಂಡ್ ಹೆಸರು ಹಾಕ್ಕೊಂಡ ಇರಬಹುದು, ಅದರ ಬಾಜೂಕ ಈ ಮುದ್ರಿ ಕೂಡ್ರತೈತಿ.

ಆದ್ರ 70ನೇ ಕಲಂ ಐತಲ್ರೀ, ಅದು ಗಟ್ಟಿ. ಯಾವ ಮಾಲಿಗೆ ಪ್ರಮಾಣ ಕೊಡತೀರೋ ಆ ಜಾತಿ ಮಾಲಿನ ವ್ಯಾಪಾರ ನೀವು ಮಾಡ್ತಿದ್ರ ಮಾರ್ಕ್ ನಿಮ್ಮ ಹೆಸರಿಗೆ ಆಗಂಗೇ ಇಲ್ಲ. ಒಬ್ಬ ಹಿರ್ಯಾರು ಸಿಟ್ಟಾದ್ರು, "ನಮ್ಮ ಬೆಲ್ಲದ ಗುಣ ನಮಗಿಂತ ಇನ್ಯಾರಿಗ ಗೊತ್ತರೀ?" ಖರೇನ ಅದು. ಆದ್ರೂ ಬೇಲಿನ ಎದ್ದು ಹೊಲ ಮೇಯಬಾರ್ದು ಅಂತ ಕಾಯ್ದೆ ಹಂಗ ಬರದಾರ, ಮಾರಾಂವನ ಮುದ್ರಿ ಒತ್ತಿದ್ರ ಕೊಳ್ಳಾಂವ ಅದನ್ನ ಯಾಕ ನಂಬ್ತಾನ ಹೇಳ್ರಿ. ಡಾರ್ಜಿಲಿಂಗ್ ಚಹಾದ ಗುರುತು 1986ರಾಗ ರಿಜಿಸ್ಟರ್ ಆತು, ತಗೊಂಡಿದ್ದು ಸರ್ಕಾರದ ಟೀ ಬೋರ್ಡ್, ಚಹಾ ತೋಟದ ಮಾಲಕರಲ್ಲ.

ಹಂಗಾದ್ರ ಹಾದಿ ಎರಡ. ಬೆಲ್ಲದ ವ್ಯಾಪಾರ ಮಾಡದ ಬ್ಯಾರೆ ಒಂದು ಸಂಘ ಕಟ್ಟಿ ಅದರ ಹೆಸರಿಗೆ ಮಾರ್ಕ್ ತಗೋಬೇಕು, ಇಲ್ಲಾ ಸರ್ಟಿಫಿಕೇಷನ್ ಬಿಟ್ಟು ಕಲೆಕ್ಟಿವ್ ಮಾರ್ಕ್‌ಗೆ ಹೋಗಬೇಕು, ಅದು ಸದಸ್ಯರ ಸಂಘದ ಗುರುತು, ಸದಸ್ಯರು ವ್ಯಾಪಾರ ಮಾಡಿದ್ರೂ ನಡೀತೈತಿ. ಆದ್ರ ಕಲೆಕ್ಟಿವ್ ಮಾರ್ಕ್ ಹೇಳೋದು ಇಂವ ನಮ್ಮ ಸಂಘದಾಂವ ಅಂತ. ಇವ್ರಿಗೆ ಬೇಕಾಗಿದ್ದು ಬೆಲ್ಲದ ಬಗ್ಗೆ ಮಾತು. ನಾ ಮೊದಲನೇದಕ್ಕ ಕೈ ಎತ್ತಿದೆ.

ಇನ್ನೊಂದು, ಇದನ್ನ ಜಿಐ ಟ್ಯಾಗ್, ಅಂದ್ರ ಒಂದು ಸೀಮಿಗೆ ಸೇರಿದ ಮಾಲಿನ ಭೌಗೋಳಿಕ ಗುರುತಿನ ಜೊತಿ ಕಲಸಬ್ಯಾಡ್ರಿ. ಇಳಕಲ್ ಸೀರಿ, ಗುಳೇದಗುಡ್ಡದ ಖಣ ಇವಕ್ಕ ಜಿಐ ಐತಿ, ಕೊಲ್ಹಾಪುರಿ ಚಪ್ಪಲಿಗೆ 2019ರಾಗ ಸಿಕ್ಕ ಜಿಐ ಒಳಗ ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಯಪುರ ಜಿಲ್ಲಾನೂ ಅದಾವ. ಅದರ ಕಾಯ್ದೆನ ಬ್ಯಾರೆ, ಅದು ನೆಲಕ್ಕ ಕಟ್ಟಿದ ಹಕ್ಕು. ಐಎಸ್‌ಐ, ಅಗ್‌ಮಾರ್ಕ್ ಇವಕ್ಕೂ ತಮ್ಮ ತಮ್ಮ ಕಾಯ್ದೆ ಅದಾವ.

ಅರ್ಜಿಗಿಂತ ದೊಡ್ಡ ಕೆಲ್ಸ ಅಂದ್ರ ನಿಯಮಾವಳಿ. ಅರ್ಜಿ ಜೊತಿಗೇ ಅದರ ಕರಡು ಕೊಡಬೇಕು. ಯಾವ ಗುಣಕ್ಕ ಮುದ್ರಿ, ಯಾವಾಗ ಕೊಡ್ತೀರಿ, ಯಾರಿಗೆ ಬಳಸಾಕ ಬಿಡ್ತೀರಿ, ಬಳಕಿ ಮ್ಯಾಲ ಹೆಂಗ ಕಣ್ಣಿಡ್ತೀರಿ, ತಪಾಸಣಿ ಮಾಡಾಕ ನಿಮ್ಮ ಹತ್ರ ತಿಳದ ಮಂದಿ ಅದಾರೇನು, ರೊಕ್ಕದ ವ್ಯವಸ್ಥಾ ಐತೇನು, ಎಲ್ಲಾ ತೋರಿಸಬೇಕು, ಮತ್ತ ನಿಯಮಕ್ಕ ಒಪ್ಪೋ ಯಾರಿಗೂ ಭೇದ ಮಾಡಂಗಿಲ್ಲ ಅಂತ ಬರದು ಕೊಡಬೇಕು. ಈ ಕೊನೇದಕ್ಕ ಗಾಣದಾಗ ಜಗಳನ ಆತು, "ಪಕ್ಕದ ಊರಾಂವಗೂ ಕೊಡಬೇಕೇನ್ರಿ?" ಅಂತ. ಕೊಡಬೇಕು, ಅಂವನೂ ನಿಯಮದಂಗ ಬೆಲ್ಲ ಮಾಡಿದ್ರ ಕೊಡಬೇಕು, ನಮ್ಮವ್ರು ಅವ್ರವ್ರು ಅಂತ ನೋಡಂಗಿಲ್ಲ. ನನಗಂತೂ ಇಡೀ ಅಧ್ಯಾಯದಾಗ ಬಾಳ ಮನಸಿಗೆ ಹಿಡಿಸಿದ ಮಾತು ಇದ.

ಕರ್ನಾಟಕದ ಅರ್ಜಿ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಚೆನ್ನೈ ಆಫೀಸಿಗೆ ಹೋಗತೈತಿ, ಆನ್‌ಲೈನ್ ಹಾಕಿದ್ರ ಸಂಘಕ್ಕ ಒಂದು ಕ್ಲಾಸಿಗೆ, ಅಂದ್ರ ಮಾಲಿನ ಒಂದು ವರ್ಗಕ್ಕ, 9,000 ರೂಪಾಯಿ ಫೀ, ಬೆಲ್ಲ ಬರೋದು 30ನೇ ಕ್ಲಾಸಿನ್ಯಾಗ. ನಿಮಗ ಪ್ರಮಾಣ ಕೊಡೋ ಯೋಗ್ಯತಾ ಐತೋ ಇಲ್ಲೋ, ನಿಯಮ ಸರಿ ಅದಾವೋ ಇಲ್ಲೋ, ಇದರಿಂದ ಮಂದಿಗೆ ಹಿತ ಆಗತೈತೋ ಇಲ್ಲೋ, ಇವು ಮೂರನ್ನ ನೋಡ್ತಾರ. ಒಪ್ಪಿದ್ರ ಟ್ರೇಡ್‌ಮಾರ್ಕ್ ಜರ್ನಲ್‌ನ್ಯಾಗ ಬರತೈತಿ, ನಾಕು ತಿಂಗಳದಾಗ ಯಾರಾದ್ರೂ ತಕರಾರು ಹಾಕಬಹುದು. ಆಮ್ಯಾಲ ಹತ್ತು ವರ್ಷಕ್ಕೊಮ್ಮೆ ರಿನ್ಯೂವಲ್. ನಿಯಮಾವಳಿ ಯಾರು ಬೇಕಾದ್ರೂ ಹೋಗಿ ನೋಡಬಹುದು, ಮುಚ್ಚಿಡೋ ಕಾಗದ ಅಲ್ಲ ಅದು.

ಕದ್ದು ಬಳಸಿದ್ರ? ಪರವಾನಗಿ ಇಲ್ಲದಾಂವ ಅದೇ ಗುರುತು, ಇಲ್ಲಾ ಮಂದಿಗೆ ಮೋಸ ಆಗೋವಷ್ಟು ಅದರಂಥದ್ದೇ ಗುರುತು ಬಳಸಿದ್ರ 75ನೇ ಕಲಂ ಕೆಳಗ ಉಲ್ಲಂಘನಿ. ದಾವಾ ಜಿಲ್ಲಾ ಕೋರ್ಟಿಗಿಂತ ಕೆಳಗ ನಡೆಯಂಗಿಲ್ಲ, ಸಂಘ ತನ್ನ ಕೆಲಸ ನಡಸೋ ಊರಿನ ಜಿಲ್ಲಾದಾಗೇ ಹೂಡಬಹುದು, ತಡೆಯಾಜ್ಞಾ ಕೇಳಬಹುದು, ಪರಿಹಾರ ಕೇಳಬಹುದು. ಆದ್ರ ಹಕ್ಕಿಗೆ ಗಡಿ ಐತಿ. ಒಂದು ಹೋಟೆಲ್ ತನ್ನ ಲೌಂಜಿಗೆ ಡಾರ್ಜಿಲಿಂಗ್ ಅಂತ ಹೆಸರಿಟ್ಟಾಗ ಟೀ ಬೋರ್ಡ್ ಕೋರ್ಟಿಗೆ ಹೋತು, ಕೋಲ್ಕತ್ತಾ ಹೈಕೋರ್ಟ್ 2019ರಾಗ ಆ ದಾವಾ ವಜಾ ಮಾಡ್ತು. ಚಹಾಕ್ಕ ಇರೋ ಗುರುತು ಚಹಾ ದಾಟಿ ಎಲ್ಲಾದಕ್ಕೂ ಹಬ್ಬಂಗಿಲ್ಲ ಅಂತ ತಿಳ್ಕೋರಿ.

ಮಾರ್ಕ್ ನಮ್ಮ ಕೈಯಾಗಿಂದ ಹೋಗೋದು ಬ್ಯಾರೆಯವ್ರ ಕಳ್ಳತನದಿಂದ ಅಲ್ಲ, ನಮ್ಮ ಸಡ್ಲತನದಿಂದ. ತಪಾಸಣಿ ಬಿಟ್ಟು ರೊಕ್ಕಕ್ಕ ಮುದ್ರಿ ಹಂಚಿದ್ರ, ಬರಕೊಟ್ಟ ನಿಯಮ ನಾವ ಮುರದ್ರ, 77ನೇ ಕಲಂ ಪ್ರಕಾರ ನೋಂದಣಿ ರದ್ದು ಮಾಡಿಸಬಹುದು. ಅದನ್ನ ಬ್ಯಾರೆಯವ್ರಿಗೆ ವರ್ಗಾ ಮಾಡಬೇಕಂದ್ರೂ ರಿಜಿಸ್ಟ್ರಾರ್ ಒಪ್ಪಿಗಿ ಬೇಕ.

ಈಗ ಆ ಗಾಣದವ್ರು ರಿಟೈರ್ಡ್ ಮಾಸ್ತರು, ಬೆಲ್ಲದ ವ್ಯಾಪಾರ ಗೊತ್ತಿಲ್ಲದ ಓದಿದ ಹುಡುಗ್ರು, ಹಿಂಗ ಬ್ಯಾರೆ ಮಂದೀನ ಕೂಡಿಸಿ ಸಂಘ ಕಟ್ಯಾರ. ಕರಡಿನ ಮೂರು ನಿಯಮ ಬರದಾಗೈತಿ. ನಾಕನೇದು ಸ್ಯಾಂಪಲ್‌ದು: ಪೆಂಟಿ ಒಡಿಯೋರು ಯಾರು, ಗಾಣದ ಮಾಲಕ ತಾನ ಆರಿಸಿ ಕೊಟ್ಟ ಪೆಂಟಿನೋ, ಇಲ್ಲಾ ತಪಾಸಣಿಯಾಂವ ಮುಂಜಾನೆ ಹೇಳದ ಕೇಳದ ಬಂದು ಸಾಲಿನ್ಯಾಗಿಂದ ಎತ್ತಿದ ಪೆಂಟಿನೋ. ಇದರ ಮ್ಯಾಲ ಎರಡು ಸಲ ಕೂತು ಎದ್ದಾರ, ಬರೋ ಐತವಾರ ಮತ್ತ ಕೂಡ್ರೋದೈತಿ, ನಾನೂ ಹೋಗಾಂವ ಅದೇನಿ.