ಪರ್ಮಿಟ್ ಬಂತೆಂದು ಕೀಲಿ ಕೊಡಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳಲ್ಲಿ ಮಕ್ಕಳಿಗೆ ಹದಿನೈದು ತುಂಬಿದ ಕೂಡಲೇ ಶುರುವಾಗುವ ರಾಗ ಒಂದೇ: ಕಾರು ಕಲಿಯುವ ಪರ್ಮಿಟ್ ಯಾವಾಗ? ಅಪ್ಪ ಅಮ್ಮನ ತಲೆಯಲ್ಲಿ ಇರುವುದು ಊರಿನ ಎಲ್‌ಎಲ್‌ಆರ್ ಲೆಕ್ಕ. ಅಲ್ಲಿ ಎಲ್‌ಎಲ್‌ಆರ್ ಸಿಕ್ಕಿ 30 ದಿನ ಕಳೆದರೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಇಲ್ಲಿ ಹದಿನೆಂಟರೊಳಗಿನವರು ಪರ್ಮಿಟ್ ಇಟ್ಟುಕೊಂಡು ಕನಿಷ್ಠ 6 ತಿಂಗಳು ಕಾಯಬೇಕು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ: ಇಲ್ಲಿನ ಆರ್‌ಟಿಓ ಎನ್ನಬಹುದಾದ ಡಿಎಂವಿ ಕಚೇರಿಯಿಂದ ತಂದ ದಿನ ಆ ಪರ್ಮಿಟ್‌ಗೆ ಬೆಲೆಯೇ ಇಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ, ಮೊದಲು ಕೋರ್ಸಿನ ವಿಷಯ.

ಪರ್ಮಿಟ್‌ಗೆ ಕನಿಷ್ಠ ವಯಸ್ಸು ಹದಿನೈದೂವರೆ. ಹದಿನೇಳೂವರೆಯ ಒಳಗಿನವರಾದರೆ ಡ್ರೈವರ್ ಎಜುಕೇಶನ್ ಎಂಬ ಪಾಠ ಮುಗಿಸಿರಬೇಕು. ತರಗತಿಯಲ್ಲಾದರೆ ಅದು 25 ಗಂಟೆ. ಈಗ ಬಹುತೇಕ ಮಕ್ಕಳು ಅದಕ್ಕೆ ಸಮನಾದ ಆನ್‌ಲೈನ್ ಕೋರ್ಸನ್ನು ಮನೆಯಲ್ಲೇ ಮುಗಿಸುತ್ತಾರೆ. ಹದಿನೇಳೂವರೆ ದಾಟಿದವರಿಗೆ ಕೋರ್ಸಿಲ್ಲದೆಯೂ ಪರ್ಮಿಟ್ ಸಿಗುತ್ತದೆ, ಆದರೆ ಅವರು ಹದಿನೆಂಟು ತುಂಬುವವರೆಗೆ ರಸ್ತೆ ಪರೀಕ್ಷೆ ಕೊಡುವ ಹಾಗಿಲ್ಲ.

ದುಡ್ಡು ಕಟ್ಟುವ ಮುನ್ನ ಕೋರ್ಸು ನಡೆಸುವ ಶಾಲೆಗೆ ಡಿಎಂವಿ ಲೈಸೆನ್ಸ್ ಇದೆಯೇ ಎಂದು ಡಿಎಂವಿಯ ಜಾಲತಾಣದಲ್ಲೇ ಹುಡುಕಿ ನೋಡಿ. ಇಲ್ಲಿ ಬಹಳ ಜನ ಮೋಸಹೋಗುವುದು ಹೆಸರಿನಿಂದ. ಟ್ರಾಫಿಕ್ ಸ್ಕೂಲ್ ಎಂದಿರುವುದು ಸಂಚಾರ ನಿಯಮ ಮುರಿದು ಟಿಕೆಟ್ ತಿಂದ ದೊಡ್ಡವರಿಗೆ. ಮಕ್ಕಳಿಗೆ ಬೇಕಾದದ್ದು ಡ್ರೈವರ್ ಎಜುಕೇಶನ್. ಬೇರೆ ರಾಜ್ಯದ ದೊಡ್ಡವರ ಆರು ಗಂಟೆಯ ಕೋರ್ಸನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಅದೂ ನಡೆಯುವುದಿಲ್ಲ.

ನೋಂದಾಯಿಸುವಾಗ ಮಗುವಿನ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಕೊಡಿ. ನಮ್ಮವರಲ್ಲಿ ಇನಿಶಿಯಲ್ ಒಂದು ಕಡೆ, ಅಪ್ಪನ ಹೆಸರು ಇನ್ನೊಂದು ಕಡೆ, ಶಾಲೆಯಲ್ಲಿ ಕರೆಯುವ ಚಿಕ್ಕ ಹೆಸರು ಮತ್ತೊಂದು ಕಡೆ. ಕೋರ್ಸಿನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು ಹೆಸರು ಬಂದರೆ ಕೌಂಟರ್‌ನಿಂದ ವಾಪಸ್ ಬರಬೇಕಾಗುತ್ತದೆ. ಅಪ್ಪನ ಇಲ್ಲವೇ ಅಮ್ಮನ ಕೆಲಸದ ವೀಸಾದ ಜೊತೆ ಸಿಗುವ ಎಚ್-4 ವೀಸಾದ ಮಕ್ಕಳು ಪಾಸ್‌ಪೋರ್ಟಿನ ಜೊತೆ, ದೇಶ ಪ್ರವೇಶದ ದಾಖಲೆಯಾದ ಐ-94ರ ಪ್ರತಿ ಒಯ್ಯಲಿ. ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಪಡೆಯುವ ಅರ್ಹತೆಯೇ ಇಲ್ಲದವರು ಅದಿಲ್ಲವೆಂದು ಹೆದರಬೇಕಿಲ್ಲ.

ಅರ್ಜಿಯನ್ನು ಮನೆಯಿಂದಲೇ ಆನ್‌ಲೈನ್‌ನಲ್ಲಿ ತುಂಬಿ. ಇಬ್ಬರಿಗೂ ಮಗುವಿನ ಹೊಣೆ ಇದ್ದರೆ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಬೇಕು. ಅದು ಬರೀ ಶಾಸ್ತ್ರಕ್ಕಲ್ಲ. ಮಗು ಮಾಡುವ ಅಪಘಾತದ ಹಣಕಾಸಿನ ಹೊಣೆ ಆ ಸಹಿಯಿಂದ ನಿಮ್ಮ ಮೇಲೆ ಬರುತ್ತದೆ. ಕಚೇರಿಯಲ್ಲಿ ಹೆಬ್ಬೆರಳ ಗುರುತು, ಫೋಟೋ, ಕಣ್ಣಿನ ಪರೀಕ್ಷೆ. ಮಗು ತರಗತಿಯ ಬೋರ್ಡ್ ನೋಡಲು ಕನ್ನಡಕ ಹಾಕುತ್ತಿದ್ದರೆ ಅವತ್ತೂ ಹಾಕಿಕೊಂಡೇ ಹೋಗಲಿ.

ಲಿಖಿತ ಪರೀಕ್ಷೆಯಲ್ಲಿ 46 ಪ್ರಶ್ನೆ, 38 ಸರಿ ಇರಬೇಕು. ನಪಾಸಾದರೆ 7 ದಿನ ಕಾಯಬೇಕು. ಮೂರು ಸಲ ಆದರೆ ಹೊಸ ಅರ್ಜಿ, ಹೊಸ ಶುಲ್ಕ. ಆನ್‌ಲೈನ್ ಕೋರ್ಸನ್ನು ಬರೀ ಕ್ಲಿಕ್ ಮಾಡುತ್ತ ಮುಗಿಸಿದ ಮಕ್ಕಳು ಎಡವುವುದು ಅಂಕಿಗಳಲ್ಲಿ. ತಿರುವಿಗೆ 100 ಅಡಿ ಮುಂಚೆ ಇಂಡಿಕೇಟರ್, ಎದುರು ವಾಹನ 500 ಅಡಿಯೊಳಗೆ ಬಂದರೆ ಹೈಬೀಮ್ ಇಳಿಸುವುದು, ಮುಂದಿನ ವಾಹನದ ಹಿಂದಿದ್ದರೆ 300 ಅಡಿ, ಓಣಿಯಲ್ಲಿ ಗಂಟೆಗೆ 15 ಮೈಲಿ. ಕೆಂಪು, ಹಳದಿ, ಬಿಳಿ, ಹಸಿರು, ನೀಲಿ ಅಂಚುಗಲ್ಲುಗಳಲ್ಲಿ ಯಾವುದರ ಪಕ್ಕ ಎಷ್ಟು ಹೊತ್ತು ನಿಲ್ಲಿಸಬಹುದು ಎನ್ನುವುದನ್ನೂ ಕೇಳುತ್ತಾರೆ. ಕೋರ್ಸು ಏನೇ ಹೇಳಲಿ, ಡಿಎಂವಿಯ ಕೈಪಿಡಿಯನ್ನು ಒಮ್ಮೆ ಮೊದಲಿಂದ ಕೊನೆಯವರೆಗೆ ಓದಿಸಿ. ಅದು ಪುಕ್ಕಟೆ ಸಿಗುತ್ತದೆ.

ಪಾಸಾಯಿತು, ಪರ್ಮಿಟ್ ಬಂತು. ಆದರೂ ಮನೆಯ ಮುಂದಿನ ಬೀದಿಯಲ್ಲೂ ಮಗು ಕಾರು ಓಡಿಸುವಂತಿಲ್ಲ. ಲೈಸೆನ್ಸ್ ಇರುವ ಡ್ರೈವಿಂಗ್ ಶಾಲೆಯ ಬೋಧಕರು ಮೊದಲ ಪಾಠ ಶುರುಮಾಡಿ ಪರ್ಮಿಟ್ ಮೇಲೆ ಸಹಿ ಹಾಕಿದ ಮೇಲೆಯೇ ಅದಕ್ಕೆ ಜೀವ. ಅಂಥ ಪಾಠ ಒಟ್ಟು 6 ಗಂಟೆ ಕಡ್ಡಾಯ, ಸಾಮಾನ್ಯವಾಗಿ ಎರಡೆರಡು ಗಂಟೆಯಂತೆ ಮೂರು ಸಲ. ಬೇಸಿಗೆ ರಜೆಯಲ್ಲಿ ಬೋಧಕರು ಬೇಗ ಸಿಗುವುದಿಲ್ಲ. 6 ತಿಂಗಳ ಗಡಿಯಾರ ಪರ್ಮಿಟ್ ಕೊಟ್ಟ ದಿನದಿಂದಲೇ ಓಡುತ್ತಿರುತ್ತದೆ, ಅಭ್ಯಾಸ ಮಾತ್ರ ನಿಂತಿರುತ್ತದೆ. ಆದ್ದರಿಂದ ಲಿಖಿತ ಪರೀಕ್ಷೆಗೆ ದಿನ ಗೊತ್ತು ಮಾಡುವಾಗಲೇ ಮೊದಲ ಪಾಠಕ್ಕೂ ದಿನ ಗೊತ್ತು ಮಾಡಿ. ಆ ಮೂರು ಪಾಠಗಳನ್ನು ಒಂದೇ ವಾರದಲ್ಲಿ ಮುಗಿಸುವ ಅವಸರ ಬೇಡ. ಒಂದು ಆರಂಭಕ್ಕೆ, ಒಂದು ನಡುವೆ, ಒಂದು ರಸ್ತೆ ಪರೀಕ್ಷೆಗೆ ಸ್ವಲ್ಪ ಮುಂಚೆ ಇಟ್ಟುಕೊಂಡರೆ, ಮನೆಯ ಅಭ್ಯಾಸದಲ್ಲಿ ಸೇರಿಕೊಂಡ ತಪ್ಪುಗಳನ್ನು ಬೋಧಕರು ತಿದ್ದುತ್ತಾರೆ.

ಉಳಿದದ್ದು ನಿಮ್ಮ ಪಾಲು: 50 ಗಂಟೆ, ಅದರಲ್ಲಿ 10 ರಾತ್ರಿ ಹೊತ್ತು. ಪಕ್ಕದಲ್ಲಿ ಕೂರುವವರು ಕ್ಯಾಲಿಫೋರ್ನಿಯಾ ಲೈಸೆನ್ಸ್ ಇರುವ ಅಪ್ಪ ಅಮ್ಮ, ಇಲ್ಲವೇ ಅದೇ ಲೈಸೆನ್ಸ್ ಇರುವ 25 ತುಂಬಿದವರಾಗಿರಬೇಕು. 22ರ ಅಣ್ಣ ಸಾಲದು. ಊರಿನಿಂದ ಬಂದ ತಾತ ನಲವತ್ತು ವರ್ಷ ಕಾರು ಓಡಿಸಿರಲಿ, ಭಾರತದ ಲೈಸೆನ್ಸ್ ಇಟ್ಟುಕೊಂಡು ಮೊಮ್ಮಗಳ ಪಕ್ಕ ಕೂತು ಕಲಿಸುವಂತಿಲ್ಲ. ಇನ್ಶೂರೆನ್ಸ್‌ನವರಿಗೂ ಮನೆಯಲ್ಲಿ ಪರ್ಮಿಟ್ ಬಂದಿದೆ ಎಂದು ಮೊದಲೇ ತಿಳಿಸಿ.

ಈ 50 ಗಂಟೆ ಯಾವ ತಿಂಗಳುಗಳಲ್ಲಿ ಬೀಳುತ್ತದೆ ಎನ್ನುವುದನ್ನು ಯಾರೂ ಯೋಚಿಸುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ಮೇ ತಿಂಗಳಲ್ಲಿ ಪರ್ಮಿಟ್ ಪಡೆದು ನವೆಂಬರ್‌ನಲ್ಲಿ ಲೈಸೆನ್ಸ್ ಪಡೆಯುವ ಮಗು ಅಷ್ಟೂ ಅಭ್ಯಾಸವನ್ನು ಒಣ ರಸ್ತೆಯಲ್ಲೇ ಮಾಡಿರುತ್ತದೆ. ತಿಂಗಳುಗಟ್ಟಲೆ ಕೂತ ಎಣ್ಣೆ ಜಿಡ್ಡಿನ ಮೇಲೆ ನೀರು ಬಿದ್ದು ರಸ್ತೆ ಜಾರುವ ಮೊದಲ ಮಳೆಯನ್ನು ಅದು ಒಂಟಿಯಾಗಿ ಎದುರಿಸುತ್ತದೆ. ಜೂನ್‌ನಲ್ಲಿ ಕತ್ತಲಾಗುವುದೇ ಒಂಬತ್ತರ ಸುಮಾರಿಗೆ, ರಾತ್ರಿಯ ಗಂಟೆಗಳೂ ತುಂಬುವುದಿಲ್ಲ. ಅಕ್ಟೋಬರ್ ಸುಮಾರಿಗೆ ಶುರುಮಾಡಿದವರಿಗೆ ಡಿಸೆಂಬರ್‌ನಲ್ಲಿ ಸಂಜೆ ಐದೂವರೆಗೇ ಕತ್ತಲು, ಜೊತೆಗೆ ಮಳೆಗಾಲವೂ ಸಿಗುತ್ತದೆ. ತಿಂಗಳು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಲೈಸೆನ್ಸ್ ಬಂದ ಮೇಲೂ ಮೊದಲ ಎರಡು ಮೂರು ಮಳೆಗೆ ಪಕ್ಕದಲ್ಲಿ ನೀವೇ ಕೂತಿರಿ.

ಇನ್ನು ರಸ್ತೆ ಪರೀಕ್ಷೆ, ಅದರಲ್ಲೂ ಕೆಂಪು ದೀಪದಲ್ಲಿ ಬಲಕ್ಕೆ ತಿರುಗುವ ವಿಷಯ. ನಮ್ಮಲ್ಲಿ ಅನೇಕರಿಗೆ ಇದು ಬೆಂಗಳೂರಿನ ಫ್ರೀ ಲೆಫ್ಟ್ ಇದ್ದಂತೆ ಕಾಣುತ್ತದೆ. ಮಕ್ಕಳು ಹಿಂದಿನ ಸೀಟಿನಲ್ಲಿ ಕೂತು ಹದಿನೈದು ವರ್ಷ ಅದನ್ನೇ ನೋಡಿರುತ್ತಾರೆ. ಸರಿಯಾದ ಕ್ರಮ ಹೀಗೆ. 100 ಅಡಿ ಮುಂಚೆ ಇಂಡಿಕೇಟರ್. ಕನ್ನಡಿ ನೋಡಿ, ಆಮೇಲೆ ಕತ್ತು ತಿರುಗಿಸಿ ಬಲಭುಜದ ಮೇಲಿಂದ ಸೈಕಲ್ ಬರುತ್ತಿದೆಯೇ ಎಂದು ನೋಡಬೇಕು. ಬರೀ ಕಣ್ಣು ಹೊರಳಿಸಿದರೆ ಪರೀಕ್ಷಕರಿಗೆ ಅದು ಕಾಣುವುದಿಲ್ಲ. ಸೈಕಲ್ ಪಟ್ಟಿ ಇದ್ದರೆ ಮೂಲೆಗೆ 200 ಅಡಿ ಇರುವಾಗ, ಅದಕ್ಕಿಂತ ಮುಂಚೆ ಅಲ್ಲ, ಅದರೊಳಗೆ ಸೇರಿಕೊಳ್ಳಬೇಕು. ಬಿಳಿ ಗೆರೆಯ ಹಿಂದೆ ಚಕ್ರ ಪೂರ್ತಿ ನಿಲ್ಲಬೇಕು. ಪೂರ್ತಿ ನಿಂತ ಮೇಲೆ ಎಡಗಡೆ, ಬಲಗಡೆ, ಪಾದಚಾರಿಗಳು. ಕೆಂಪು ಬಾಣದ ಗುರುತೋ ತಿರುಗಬಾರದೆಂಬ ಫಲಕವೋ ಇದ್ದರೆ ಹಸಿರು ಬರುವವರೆಗೆ ಕಾಯಬೇಕು. ದಾರಿ ಖಾಲಿಯಾದರೆ ತಿರುಗಿ ಬಲತುದಿಯ ಲೇನ್‌ಗೇ ಸೇರಬೇಕು. ಗೆರೆಯ ಮೇಲೆ ನಿಧಾನ ಮಾಡಿ ಹಾಗೇ ಜಾರಿಸಿದರೆ ಅದು ಗಂಭೀರ ತಪ್ಪು, ಪರೀಕ್ಷೆ ಅಲ್ಲಿಗೇ ಮುಗಿಯಿತು. ಸಣ್ಣ ತಪ್ಪುಗಳಾದರೆ 15ರವರೆಗೆ ಬಿಡುತ್ತಾರೆ.

ರಸ್ತೆ ಪರೀಕ್ಷೆಗೆ ಮನೆಯ ಟೆಸ್ಲಾ ಒಯ್ಯುವವರು ಒಂದು ಗಮನಿಸಿ: ವೈಪರ್, ಗಾಜಿನ ಮಂಜು ತೆಗೆಯುವ ಗುಂಡಿ, ಪಾರ್ಕಿಂಗ್ ಬ್ರೇಕ್, ಹಜಾರ್ಡ್ ದೀಪ ಎಲ್ಲಿವೆ ಎಂದು ಹೊರಡುವ ಮುನ್ನ ಪರೀಕ್ಷಕರು ತೋರಿಸಲು ಹೇಳುತ್ತಾರೆ. ಪರದೆಯಲ್ಲಿ ತಡಕಾಡಬಾರದು. ತಾನೇ ಪಾರ್ಕ್ ಆಗುವಂಥ ಸೌಲಭ್ಯಗಳನ್ನು ಪರೀಕ್ಷೆಯಲ್ಲಿ ಬಳಸುವಂತಿಲ್ಲ. ನಪಾಸಾದರೆ ಮಕ್ಕಳು 14 ದಿನ ಕಾಯಬೇಕು.

ಲೈಸೆನ್ಸ್ ಬಂದ ಮೊದಲ 12 ತಿಂಗಳು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ, 20ರೊಳಗಿನವರನ್ನು ಕೂರಿಸಿಕೊಳ್ಳುವಂತಿಲ್ಲ. ತಂಗಿಯನ್ನು ಸಂಗೀತ ಕ್ಲಾಸಿಗೆ ಬಿಡುವುದೂ ಇದರಲ್ಲಿ ಸೇರಿದೆ. ಬೇರೆ ದಾರಿಯೇ ಇಲ್ಲದ ಮನೆಯ ಅಗತ್ಯಕ್ಕೆ ವಿನಾಯಿತಿ ಇದೆ. ಆದರೆ ಕಾರಣವನ್ನೂ ಆ ಅಗತ್ಯ ಯಾವತ್ತಿಗೆ ಮುಗಿಯುತ್ತದೆ ಎನ್ನುವುದನ್ನೂ ಬರೆದು ಅಪ್ಪನೋ ಅಮ್ಮನೋ ಸಹಿ ಮಾಡಿದ ಚೀಟಿ ಮಗುವಿನ ಬಳಿ ಇರಬೇಕು. ಶಾಲೆಯ ಕೆಲಸಕ್ಕಾದರೆ ಶಾಲೆಯವರ ಸಹಿ, ನೌಕರಿಗಾದರೆ ಕೆಲಸ ಕೊಟ್ಟವರ ಸಹಿ. ಹದಿನೆಂಟರವರೆಗೆ ಫೋನ್ ಮುಟ್ಟುವಂತಿಲ್ಲ, ಬ್ಲೂಟೂತ್‌ನಲ್ಲಿ ಮಾತಾಡುವುದೂ ಇಲ್ಲ. ಎಲ್ಲಿದ್ದೀಯ ಎಂದು ನೀವೂ ಆ ಹೊತ್ತಿನಲ್ಲಿ ಕರೆ ಮಾಡಬೇಡಿ. ನಮಸ್ಕಾರ.