ನೋಡಿ ಬರಬೇಡಿ, ಓದಿ ಬನ್ನಿ

ಕೇಳುಗರೆಲ್ಲರಿಗೂ ನಮಸ್ಕಾರ.

ಐತಿಹಾಸಿಕ ಗ್ರಂಥಾಲಯಕ್ಕೆ ಹೋಗಿಬಂದವರನ್ನು ಮಾತನಾಡಿಸಿ ನೋಡಿ. ಕಂಬಗಳು ಭವ್ಯವಾಗಿದ್ದವು, ಚಾವಣಿಯ ಚಿತ್ರ ಅದ್ಭುತ ಅನ್ನುತ್ತಾರೆ. ಸರಿ, ಯಾವ ಪುಸ್ತಕ ತೆರೆದಿರಿ ಅಂದರೆ ಮಾತೇ ಇಲ್ಲ! ಅಷ್ಟು ದೂರ ಹೋಗಿ ಪುಸ್ತಕ ಮುಟ್ಟದೆ ಬರುವುದೇ? ಇವತ್ತು ನಾನು ಹೇಳುವುದು ಒಂದೇ ಮಾತು. ಒಂದು ಹಳೆಯ ಪುಸ್ತಕ ಕೇಳಿ ತರಿಸಿಕೊಳ್ಳಿ, ತೆರೆಯಿರಿ, ಓದಿ.

ಓದಿದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಬಲು ಇಷ್ಟವಾದ ಪ್ರಸಂಗವೊಂದಿದೆ. ರಾಜ್ಯಾಡಳಿತದ ಬಗೆಗಿನ ಪ್ರಾಚೀನ ಗ್ರಂಥ, ಕೌಟಿಲ್ಯನ ಅರ್ಥಶಾಸ್ತ್ರದ ಹೆಸರು ವಿದ್ವಾಂಸರಿಗೆ ಗೊತ್ತಿತ್ತು. ಹಳೆಯ ಸಂಸ್ಕೃತ ಕವಿಗಳಾದ ಬಾಣ, ದಂಡಿ ಅದನ್ನು ಪ್ರಸ್ತಾಪಿಸಿದ್ದಾರೆ. ಆದರೆ ಗ್ರಂಥವೇ ಕೈಗೆ ಸಿಕ್ಕಿರಲಿಲ್ಲ. ಮೈಸೂರಿನಲ್ಲಿ 1891ರಲ್ಲಿ ಓರಿಯೆಂಟಲ್ ಲೈಬ್ರರಿ ಶುರುವಾಗಿತ್ತು. ಅಲ್ಲಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟೊಂದನ್ನು ತಂದುಕೊಟ್ಟರು. ಓಲೆಗರಿಯ ಕಟ್ಟು ಹೇಗಿರುತ್ತದೆ ಗೊತ್ತೇ? ಮೇಲೊಂದು ಕೆಳಗೊಂದು ಮರದ ಹಲಗೆ, ನಡುವೆ ದಾರ ಪೋಣಿಸಿದ ಗರಿಗಳು. ಅಕ್ಷರಗಳನ್ನು ಕಬ್ಬಿಣದ ಮೊನೆಯಿಂದ ಕೊರೆದಿರುತ್ತಾರೆ. ಮಸಿ ಸವರಿ ಒರೆಸಿದಾಗಲೇ ಅವು ಎದ್ದು ಕಾಣುವುದು. ಈ ಕಟ್ಟಿನಲ್ಲಿದ್ದದ್ದು ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ 'ಗ್ರಂಥ' ಎಂಬ ಹೆಸರಿನ ಲಿಪಿ. ದಾಖಲೆ ಬರೆದು ಕಪಾಟಿಗೆ ಸೇರಿಸಿ ಸುಮ್ಮನಾಗಬಹುದಿತ್ತು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಸುಮ್ಮನಾಗಲಿಲ್ಲ, ಗರಿ ಗರಿ ಬಿಡಿಸಿ ಓದಿದರು. 1905ರಿಂದ ಅನುವಾದದ ಭಾಗಗಳು ಹೊರಬರತೊಡಗಿದವು. 1909ರಲ್ಲಿ ಸಂಸ್ಕೃತ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದವೂ ಪುಸ್ತಕವಾಯಿತು. ಒಳಗೆ ಏನಿತ್ತು ಅಂತೀರಿ! ಆನೆಗಳ ಕಾಡನ್ನು ಕಾಯುವ ಬಗೆ, ಅಕ್ಕಸಾಲಿಗರು ಚಿನ್ನ ಕದಿಯುವ ಕೈಚಳಕ. ಅಧಿಕಾರಿಗಳು ಸರ್ಕಾರದ ಹಣ ನುಂಗುವ ದಾರಿಗಳು ಎಷ್ಟು ಅಂತಲೂ ಕೌಟಿಲ್ಯ ಎಣಿಸಿಟ್ಟಿದ್ದಾನೆ: ನಲವತ್ತು! ಪ್ರಾಚೀನ ಭಾರತದ ಆಡಳಿತದ ಬಗ್ಗೆ ಜಗತ್ತಿಗಿದ್ದ ತಿಳುವಳಿಕೆಯೇ ಬದಲಾಯಿತು. ಯಾಕೆ? ಒಬ್ಬರು ಕಟ್ಟು ಬಿಚ್ಚಿ ಓದಿದರು, ಅದಕ್ಕೆ.

ಈ ಕಥೆ ಹೇಳಲು ಕುಳಿತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಇಟಲಿಯ ಚೆಸೆನಾದಲ್ಲಿ 15ನೇ ಶತಮಾನದ ಗ್ರಂಥಾಲಯವೊಂದಿದೆ, ಪುಸ್ತಕಗಳು ಇವತ್ತಿಗೂ ಮೇಜಿಗೆ ಸರಪಳಿಯಲ್ಲಿ ಬಿಗಿದುಕೊಂಡಿವೆ. ಪೋರ್ಚುಗಲ್ಲಿನ ಕೊಯಿಂಬ್ರಾದ ಹಳೆಯ ಗ್ರಂಥಾಲಯದಲ್ಲಿ ಪುಸ್ತಕ ತಿನ್ನುವ ಹುಳುಗಳನ್ನು ರಾತ್ರಿ ಬಾವಲಿಗಳು ಹಿಡಿದು ತಿನ್ನುತ್ತವೆ. ಅವುಗಳ ಬಗ್ಗೆ ವಿವರವಾಗಿ ಹೇಳಲು ಈಗ ಸಮಯವಿಲ್ಲ.

ಆದರೆ ಕಾಗದದ ವಿಷಯ ಹೇಳಲೇಬೇಕು. ಹಳೆಯದಾದಷ್ಟೂ ಪುಸ್ತಕ ಪುಡಿಪುಡಿ ಅಂದುಕೊಂಡಿದ್ದೀರಿ, ಅಲ್ಲವೇ? ಹಾಗಲ್ಲ. ಐನೂರು ವರ್ಷದ ಹಿಂದಿನ ಕಾಗದ ಹಳೇ ಬಟ್ಟೆಯ ನಾರಿನದು, ಇವತ್ತಿಗೂ ಗಟ್ಟಿ. ನೂರು ವರ್ಷದ ಹಿಂದಿನದು ಮರದ ತಿರುಳಿನದು, ಅದರೊಳಗಿನ ಆಮ್ಲವೇ ಅದನ್ನು ಹಳದಿಗಟ್ಟಿಸಿ ಮುರಿಯುವಂತೆ ಮಾಡುತ್ತದೆ. ಬೆರಳಿಗೆ ತಾಗಿದರೆ ತಾನೇ ಇದು ತಿಳಿಯುವುದು? ಅದಕ್ಕೇ ಮತ್ತೆ ಹೇಳುತ್ತೇನೆ, ತೆರೆದು ಓದಿ. ಅಂಚಿನಲ್ಲಿ ಹಿಂದಿನವರು ಗೀಚಿದ ಟಿಪ್ಪಣಿಗಳನ್ನೂ ಬಿಡಬೇಡಿ. ಎಷ್ಟೋ ಸಲ ಮೂಲಕ್ಕಿಂತ ಅವೇ ರುಚಿ.

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಪೆನ್ನು ಬೇಡವೇ ಬೇಡ, ಪೆನ್ಸಿಲ್ ಸಾಕು. ಪುಸ್ತಕದ ಬೆನ್ನಿನ ತುದಿ ಹಿಡಿದು ಎಳೆಯಬೇಡಿ, ಹರಿಯುವುದೇ ಅಲ್ಲಿ. ಏನು ಕೇಳಬೇಕೋ ಗೊತ್ತಾಗದಿದ್ದರೆ ಗ್ರಂಥಪಾಲಕರ ಹತ್ತಿರ ಹೋಗಿ, "ನಿಮಗೆ ತುಂಬಾ ಇಷ್ಟವಾದ ಹಳೆಯ ಪುಸ್ತಕ ಯಾವುದು, ತೋರಿಸುತ್ತೀರಾ?" ಎಂದು ಕೇಳಿ. ಅವರು ಎದ್ದು ಒಳಗೆ ಹೋದರೆ ಕಾಯಿರಿ, ಎದ್ದು ಬಂದುಬಿಡಬೇಡಿ. ನಮಸ್ಕಾರ.